ನೀರಿನ ಮೇಲ್ಮೈ ಅಳೆಯೋಣ: ಕರ್ಪೂರದಿಂದ ಶುರು, ಎರಡು ನ್ಯಾನೋಮೀಟರ್‌ವರೆಗೆ

ಎರಡು ನ್ಯಾನೋಮೀಟರ್ ಅಂದರೆ ಒಂದು ಮಿಲಿಮೀಟರನ್ನು ಐದು ಲಕ್ಷ ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ನೀರಿನ ಮೇಲೆ ಹರಡಿದ ಅಷ್ಟು ತೆಳು ಎಣ್ಣೆ ಪದರವನ್ನು ಅಡುಗೆಮನೆಯ ಹರಿವಾಣದಲ್ಲಿ, ಶಾಲೆಯ ಪ್ಲಾಸ್ಟಿಕ್ ಸ್ಕೇಲ್ ಹಿಡಿದು ಅಳೆಯಬಹುದು ಅಂದಾಗ ನಮ್ಮಕ್ಕನ ಮಗಳು ನಕ್ಕಳು. ಅವಳು ಎರಡನೇ ಪಿಯುಸಿ. "ಮಾಮಾ, ಅದಕ್ಕೆಲ್ಲ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು" ಅಂದಳು. ಬೇಕಾಗಲಿಲ್ಲ. ಮೂರು ಭಾನುವಾರ ಮಾತ್ರ ಬೇಕಾಯಿತು. ಮೊದಲೆರಡು ಪೂರ್ತಿ ಕೆಟ್ಟವು, ಮೂರನೆಯದರಲ್ಲಿ ಸರಿಹೋಯಿತು. ಯಾಕೆ ಕೆಟ್ಟವು ಅನ್ನುವುದನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ, ಯಾಕೆಂದರೆ ದ್ರವದ ಮೇಲ್ಮೈ ಜೊತೆ ಆಟ ಆಡುವವರಿಗೆ ಮುಕ್ಕಾಲು ಪಾಲು ಕೆಲಸ ಪಾತ್ರೆ ತೊಳೆಯುವುದೇ.

ಮೊದಲು ಎರಡು ಮಾತು. ನೀರಿನ ಒಳಗಿರುವ ಅಣುವಿಗೆ ಸುತ್ತಲೂ ನೆಂಟರು. ಮೇಲ್ಮೈಯಲ್ಲಿರುವ ಅಣುವಿಗೆ ಪಕ್ಕದಲ್ಲಿ, ಕೆಳಗೆ ಮಾತ್ರ. ಮೇಲೆ ಗಾಳಿ, ಹೆಚ್ಚುಕಡಿಮೆ ಖಾಲಿ. ಹಾಗಾಗಿ ಮೇಲ್ಮೈಯನ್ನು ಹಿಗ್ಗಿಸಲು ಶಕ್ತಿ ಖರ್ಚಾಗುತ್ತದೆ, ನೀರು ಆದಷ್ಟು ಕಡಿಮೆ ಮೇಲ್ಮೈ ಇಟ್ಟುಕೊಳ್ಳಲು ನೋಡುತ್ತದೆ. ಇದೇ ಮೇಲ್ಮೈ ಎಳೆತ. 25 ಡಿಗ್ರಿಯ ಶುದ್ಧ ನೀರಿಗೆ ಇದು ಮೀಟರಿಗೆ 72 ಮಿಲಿನ್ಯೂಟನ್. ಆಲ್ಕೋಹಾಲಿಗೆ ಸುಮಾರು 22. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿಗೆ 30ರ ಆಸುಪಾಸು. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ, ಸಾಕು.

ಬೇಕಾಗುವ ಸಾಮಾನು

ಕನಿಷ್ಠ 40 ಸೆಂ.ಮೀ. ಅಗಲದ ಸ್ಟೀಲ್ ಹರಿವಾಣ. ಗಾಜಿನ ಡ್ರಾಪರ್ ಎರಡು. ಒಡವೆ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ, 0.01 ಗ್ರಾಂ ತೋರಿಸುವಂಥದ್ದು. ವಾಷಿಂಗ್ ಸೋಡಾ, ಬೇಬಿ ಪೌಡರ್, ಎ4 ಹಾಳೆ, ಪೂಜೆ ಕರ್ಪೂರ. ಐಸೋಪ್ರೊಪೈಲ್ ಆಲ್ಕೋಹಾಲ್ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೇಳಿ, ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸಲು ಬಳಸುವುದು ಅದನ್ನೇ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್, ಸುವಾಸನೆ ಎಲ್ಲ ಇರುತ್ತದೆ. ಓಲಿಕ್ ಆಮ್ಲ ಲ್ಯಾಬ್ ಕೆಮಿಕಲ್ ಮಾರುವವರ ಹತ್ತಿರ ಸಿಗುತ್ತದೆ. ನೀರಿನ ಮೇಲೆ ಹರಡಿ ಅಳೆಯುವುದು ಇದನ್ನೇ. ನಾವು ತಿನ್ನುವ ಎಣ್ಣೆಗಳಲ್ಲೇ ಇರುವ ಕೊಬ್ಬಿನ ಆಮ್ಲ, ಹೆದರಬೇಡಿ.

ನೀರಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಬೆಂಗಳೂರಿನಲ್ಲಿ ಅರ್ಧ ಜನರಿಗೆ ಕಾವೇರಿ, ಉಳಿದವರಿಗೆ ಬೋರ್‌ವೆಲ್ ಇಲ್ಲವೇ ಟ್ಯಾಂಕರ್. ಗಡಸು ನೀರಿಗೆ ಮೇಲ್ಮೈ ಎಳೆತ ತುಂಬ ಬೇರೆ ಇರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗೇನಿಲ್ಲ. ಲೀಟರಿಗೆ 58 ಗ್ರಾಂ ಅಡುಗೆ ಉಪ್ಪು ಕರಗಿಸಿದರೂ ಎಳೆತ ಎರಡು ಮಿಲಿನ್ಯೂಟನ್ ಕೂಡ ಏರುವುದಿಲ್ಲ. ತೊಂದರೆ ಬೇರೆ ಕಡೆ ಇದೆ: ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ನಮ್ಮ ಓಲಿಕ್ ಆಮ್ಲದ ಜೊತೆ ಸೇರಿ ಕರಗದ ಸಾಬೂನಾಗುತ್ತದೆ, ಬಕೆಟ್ ಅಂಚಿಗೆ ಹತ್ತುವ ಬಿಳಿ ಜಿಡ್ಡಿನ ಹಾಗೆ. ಪದರ ಸರಿಯಾಗಿ ಹರಡುವುದಿಲ್ಲ. ಆದ್ದರಿಂದ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಐದು ಲೀಟರ್ ಕ್ಯಾನ್ ತಂದುಬಿಡಿ.

ಮೊದಲ ಹೆಜ್ಜೆ: ತೊಳೆಯುವುದು, ಆಮೇಲೆ ಕರ್ಪೂರ ಕುಣಿಸುವುದು

ಹರಿವಾಣವನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ತೊಳೆಯಬೇಡಿ. ಮೊದಲ ಭಾನುವಾರ ನಾವು ಮಾಡಿದ್ದು ಅದನ್ನೇ. ಫಳಫಳ ಹೊಳೆಯುತ್ತಿತ್ತು, ನೀರು ಮಾತ್ರ ಸತ್ತ ಹಾಗಿತ್ತು. ಕಣ್ಣಿಗೆ ಕಾಣದಷ್ಟು ಸೋಪು ಉಳಿದರೂ ಅದು ಮೇಲ್ಮೈಗೇ ಬಂದು ಕೂರುತ್ತದೆ, ಅದರ ಸ್ವಭಾವವೇ ಅದು. ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಉಜ್ಜಿ, ನಲ್ಲಿಯ ಕೆಳಗೆ ಹತ್ತು ಸಲವಾದರೂ ತೊಳೆದು, ಕೊನೆಗೆ ಡಿಸ್ಟಿಲ್ಡ್ ನೀರಿನಿಂದ ಒಮ್ಮೆ ಜಾಲಿಸಿ. ಬಟ್ಟೆಯಿಂದ ಒರೆಸಲೇಬೇಡಿ. ಒಳಗೆ ಬೆರಳು ತಾಗಿಸಲೇಬೇಡಿ. ಸರಿಯಾಗಿ ತೊಳೆದ ಸ್ಟೀಲಿನ ಮೇಲೆ ನೀರು ಒಂದೇ ಹಾಳೆಯ ಹಾಗೆ ಇಳಿಯುತ್ತದೆ, ಹನಿಹನಿಯಾಗಿ ಒಡೆಯುವುದಿಲ್ಲ.

ಈಗ ಒಂದು ಸೆಂಟಿಮೀಟರ್ ನೀರು ತುಂಬಿ. ಎ4 ಹಾಳೆಯಿಂದ ಉದ್ದ ಪಟ್ಟಿ ಕತ್ತರಿಸಿ, ಅದನ್ನು ನೀರಿಗೆ ತಾಗುವಂತೆ ನಿಲ್ಲಿಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಎಳೆಯಿರಿ, ಅಂಗಳದ ನೀರು ಹೊರಗೆ ತಳ್ಳುವ ಹಾಗೆ. ಮೇಲಿದ್ದ ಕೊಳೆಯೆಲ್ಲ ಪಟ್ಟಿಯ ಮುಂದೆ ಹೋಗುತ್ತದೆ. ಹೊಸ ಪಟ್ಟಿ ತೆಗೆದುಕೊಂಡು ಮೂರು ನಾಲ್ಕು ಸಲ ಮಾಡಿ. ಈ ಉಪಾಯ ನನ್ನದಲ್ಲ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿದ್ದ ಆಗ್ನೆಸ್ ಪೊಕೆಲ್ಸ್ ಅನ್ನುವ ಹೆಣ್ಣುಮಗಳು ಕಾಲೇಜು ಮೆಟ್ಟಿಲು ಹತ್ತದೆ, ಮನೆಗೆಲಸದ ನಡುವೆ, ಅಡುಗೆಮನೆಯಲ್ಲೇ ತಗಡಿನ ಉದ್ದ ತೊಟ್ಟಿ ಇಟ್ಟುಕೊಂಡು, ತಕ್ಕಡಿಗೆ ಗುಂಡಿ ಕಟ್ಟಿ ನೀರಿನ ಎಳೆತ ಅಳೆಯುತ್ತಿದ್ದರು. 1891ರ ಜನವರಿಯಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲೀಗೆ ಪತ್ರ ಬರೆದರು. ರೇಲೀ ಅದನ್ನು ಮುಂದೆ ಕಳಿಸಿ, ಅದೇ ಮಾರ್ಚಿನಲ್ಲಿ ನೇಚರ್ ಪತ್ರಿಕೆಯಲ್ಲಿ ಅಚ್ಚಾಗುವಂತೆ ಮಾಡಿದರು. ಆ ತೊಟ್ಟಿಯ ಸುಧಾರಿಸಿದ ರೂಪವನ್ನು ಇವತ್ತು ಲ್ಯಾಂಗ್ಮ್ಯೂರ್ ತೊಟ್ಟಿ ಅಂತಾರೆ. ಮೇಲ್ಮೈಗಳ ಬಗ್ಗೆ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿ ಲ್ಯಾಂಗ್ಮ್ಯೂರ್‌ಗೆ 1932ರಲ್ಲಿ ನೊಬೆಲ್ ಬಂತು. ಹೆಸರು ಯಾರಿಗೆ ಹೋಯಿತು ನೋಡಿ.

ಸರಿ, ಕರ್ಪೂರ. ಬಿಲ್ಲೆಯಿಂದ ಸಾಸಿವೆ ಕಾಳಿಗಿಂತ ಚಿಕ್ಕ ಚೂರು ಮುರಿಯಿರಿ. ಕೈಯಿಂದ ಎತ್ತಬೇಡಿ, ಹಾಳೆಯ ತುದಿಯಲ್ಲಿ ಎತ್ತಿ ನೀರಿಗೆ ಬೀಳಿಸಿ. ನೀರು ಶುದ್ಧವಾಗಿದ್ದರೆ ಚೂರು ಹುಚ್ಚು ಹಿಡಿದ ಹಾಗೆ ಓಡುತ್ತದೆ, ಗಿರಕಿ ಹೊಡೆಯುತ್ತದೆ, ಅಂಚಿಗೆ ಹೋಗಿ ತಿರುಗಿ ಬರುತ್ತದೆ. ಚೂರು ಸೊಟ್ಟಂಪಟ್ಟ ಇರುವುದರಿಂದ ಒಂದು ಕಡೆಯಿಂದ ಜಾಸ್ತಿ ಕರಗುತ್ತದೆ, ಆ ಕಡೆ ಎಳೆತ ಕಮ್ಮಿಯಾಗುತ್ತದೆ, ಇನ್ನೊಂದು ಕಡೆಯ ನೀರು ಅದನ್ನು ಎಳೆದುಕೊಳ್ಳುತ್ತದೆ. ಈಗ ಬೆರಳ ತುದಿಯನ್ನು ಮೂಗಿನ ಪಕ್ಕ ಒಮ್ಮೆ ಸವರಿ, ನೀರಿಗೆ ಒಂದೇ ಕಡೆ ತಾಗಿಸಿ. "ಅಯ್ಯೋ, ನಿಂತೋಯ್ತು!" ಅಂದಳು ಹುಡುಗಿ. ಅರ್ಧ ಸೆಕೆಂಡೂ ಹಿಡಿಯಲಿಲ್ಲ.

1890ರಲ್ಲಿ ರೇಲೀ ಇದನ್ನೇ ಲೆಕ್ಕಕ್ಕೆ ತಂದರು. 84 ಸೆಂ.ಮೀ. ಅಗಲದ ಸ್ನಾನದ ತೊಟ್ಟಿಯಲ್ಲಿ ಕರ್ಪೂರದ ಕುಣಿತ ನಿಲ್ಲಿಸಲು ಅವರಿಗೆ ಬೇಕಾದ ಆಲಿವ್ ಎಣ್ಣೆ 0.81 ಮಿಲಿಗ್ರಾಂ. ಅಷ್ಟು ಎಣ್ಣೆಯನ್ನು ಆ ವಿಸ್ತೀರ್ಣಕ್ಕೆ ಹರಡಿದರೆ ದಪ್ಪ 1.6 ನ್ಯಾನೋಮೀಟರ್. ನಿಮ್ಮ ಮೂಗಿನ ಜಿಡ್ಡು ಮಾಡಿದ್ದೂ ಅದೇ ಕೆಲಸ. ಒಂದು ಅಣುವಿನಷ್ಟು ದಪ್ಪದ ಕೊಳೆ ಬಂದರೆ ಮೇಲ್ಮೈ ಬೇರೆ ಪದಾರ್ಥವೇ ಆಗಿಬಿಡುತ್ತದೆ. ಇನ್ನು ಮುಂದಿನ ಪ್ರತಿ ಹೆಜ್ಜೆಗೂ ಮೊದಲು ಕರ್ಪೂರ ಕುಣಿಯಬೇಕು. ಕುಣಿಯದಿದ್ದರೆ ಮತ್ತೆ ತೊಳೆಯಿರಿ, ಬೇರೆ ದಾರಿ ಇಲ್ಲ. ಕುಣಿದ ನೀರನ್ನೂ ಚೆಲ್ಲಿ ಹೊಸದು ತುಂಬಬೇಕು, ಅದರಲ್ಲಿ ಕರ್ಪೂರ ಕರಗಿರುತ್ತದೆ ಅಲ್ವಾ.

ಎರಡನೇ ಹೆಜ್ಜೆ: ಹನಿ ಎಣಿಸಿ

ಡ್ರಾಪರ್ ತುದಿಯಲ್ಲಿ ಹನಿ ತೂಗಾಡುವಾಗ ಅದನ್ನು ಹಿಡಿದುಕೊಂಡಿರುವುದು ಕುತ್ತಿಗೆಯ ಸುತ್ತಳತೆಯ ಮೇಲಿನ ಎಳೆತ. ತೂಕ ಅದನ್ನು ಮೀರಿದಾಗ ಬೀಳುತ್ತದೆ. ಹಾಗಾಗಿ ಹನಿಯ ತೂಕ ಗೊತ್ತಾದರೆ ಎಳೆತ ಗೊತ್ತಾಗುತ್ತದೆ. ಡ್ರಾಪರನ್ನು ನೆಟ್ಟಗೆ ಹಿಡಿದು, ಎರಡು ಮೂರು ಸೆಕೆಂಡಿಗೊಂದರಂತೆ ನಿಧಾನವಾಗಿ, ಒಂದು ಪುಟ್ಟ ಲೋಟಕ್ಕೆ 100 ಹನಿ ಬೀಳಿಸಿ ತೂಗಿ. ತುದಿಯ ಹೊರ ಅಗಲ 3 ಮಿ.ಮೀ. ಇದ್ದರೆ ಸುಮಾರು 4.7 ಗ್ರಾಂ ಬರಬೇಕು.

ಸುತ್ತಳತೆ ಗುಣಿಸು ಎಳೆತ ಅಂತ ನೇರವಾಗಿ ಲೆಕ್ಕ ಹಾಕಿದರೆ 6.9 ಗ್ರಾಂ ಬರುತ್ತದೆ, ಆಗ ಗಾಬರಿಯಾಗಬೇಡಿ. ಹನಿ ಪೂರ್ತಿ ಬೀಳುವುದಿಲ್ಲ, ಕುತ್ತಿಗೆ ಕತ್ತರಿಸಿಕೊಂಡು ಸುಮಾರು ಮೂರನೇ ಒಂದು ಭಾಗ ತುದಿಯಲ್ಲೇ ಉಳಿಯುತ್ತದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದು ನೋಡಿ: ಕುತ್ತಿಗೆ ದಾರದಷ್ಟು ಸಪೂರಾಗಿ, ಹರಿದು, ಆ ದಾರವೇ ದೊಡ್ಡ ಹನಿಯ ಹಿಂದೆ ಒಂದು ಮರಿಹನಿಯಾಗಿ ಬೀಳುತ್ತದೆ. ನಾವು ಅದೇ ವಿಡಿಯೋ ಎಂಟು ಹತ್ತು ಸಲ ನೋಡಿದೆವು.

ಅದೇ ಡ್ರಾಪರಿನಲ್ಲಿ ಆಲ್ಕೋಹಾಲಿನ 100 ಹನಿ ತೂಗಿ. ಸುಮಾರು 1.3 ಗ್ರಾಂ. ಎಳೆತ ಕಮ್ಮಿ, ಹನಿ ಚಿಕ್ಕದು. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದಿನ ಹೆಜ್ಜೆಯ ಲೆಕ್ಕಕ್ಕೆ ಇದೇ ಆಧಾರ. ಅಂದಹಾಗೆ ನಮ್ಮ ಸಿ.ವಿ. ರಾಮನ್ 1907ರಲ್ಲಿ ಪ್ರಕಟಿಸಿದ ಮೊದಮೊದಲ ಲೇಖನಗಳಲ್ಲಿ ಒಂದು ದ್ರವದ ಮೇಲ್ಮೈ ಎಳೆತ ಅಳೆಯುವ ಬಗ್ಗೆಯೇ. ಅವರು ತೂಗಲಿಲ್ಲ, ದ್ರವದ ಮೇಲ್ಮೈ ಎಷ್ಟು ಬಾಗಿದೆ ಅಂತ ಅಳೆದರು. ಬೆಂಗಳೂರಿಗೆ ಬಂದಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ, 1933ರಲ್ಲಿ.

ಮೂರನೇ ಹೆಜ್ಜೆ: ಅಣುವಿನ ಉದ್ದ ಅಳೆಯುವುದು

ಇದೇ ಮುಖ್ಯ ಭಾಗ. ಕಿಟಕಿ ತೆಗೆಯಿರಿ, ಫ್ಯಾನ್ ಆಫ್ ಮಾಡಿ, ಒಲೆ, ದೀಪ ಯಾವುದೂ ಉರಿಯುತ್ತಿರಬಾರದು. ಆಲ್ಕೋಹಾಲ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ.

ಒಂದು ಭಾಗ ಓಲಿಕ್ ಆಮ್ಲಕ್ಕೆ ಹತ್ತೊಂಬತ್ತು ಭಾಗ ಆಲ್ಕೋಹಾಲ್ ಬೆರೆಸಿ. ಆ ಮಿಶ್ರಣದ ಒಂದು ಭಾಗಕ್ಕೆ ಮತ್ತೆ ಒಂಬತ್ತು ಭಾಗ ಆಲ್ಕೋಹಾಲ್. ಈಗ ನಿಮ್ಮ ಹತ್ತಿರ ಇರುವುದು 200ರಲ್ಲಿ ಒಂದು ಪಾಲು, ಅಂದರೆ ಶೇಕಡ 0.5. ಭಾಗ ಅಳೆಯಲು ತಕ್ಕಡಿಯೇ ಸಾಕು. ಒಂದು ಮಿಲಿಲೀಟರ್ ಓಲಿಕ್ ಆಮ್ಲ 0.89 ಗ್ರಾಂ, ಒಂದು ಮಿಲಿಲೀಟರ್ ಆಲ್ಕೋಹಾಲ್ 0.785 ಗ್ರಾಂ ತೂಗುತ್ತದೆ.

ಇಂಜೆಕ್ಷನ್ ಸಿರಿಂಜ್ ಬಳಸೋಣ, ಸುಲಭ ಅಂತ ಅನಿಸುತ್ತದೆ. ಬಳಸಬೇಡಿ. ನಮ್ಮ ಎರಡನೇ ಭಾನುವಾರ ಹಾಳಾಗಿದ್ದು ಇದರಿಂದಲೇ. ಸಿರಿಂಜಿನ ಒಳಗೆ ರಬ್ಬರ್ ಸಲೀಸಾಗಿ ಜಾರಲಿ ಅಂತ ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ಆಲ್ಕೋಹಾಲ್ ಅದನ್ನೂ ಹೊತ್ತುಕೊಂಡು ಬರುತ್ತದೆ. ನಾವು ಬರೀ ಆಲ್ಕೋಹಾಲ್ ಹಾಕಿದರೂ ನೀರಿನ ಮೇಲೆ ವೃತ್ತ ತೆರೆದುಕೊಂಡೇ ಇರುತ್ತಿತ್ತು. ತಲೆ ಕೆಟ್ಟುಹೋಯಿತು. ಸಂಜೆ ಏಳಕ್ಕೆ ಅಕ್ಕ ಬಂದು "ಇನ್ನೂ ಹರಿವಾಣ ತೊಳೀತಾ ಇದ್ದೀರಾ?" ಅಂತ ಕೇಳಿದಾಗಲೇ ಕಣ್ಣು ಸಿರಿಂಜಿನ ಮೇಲೆ ಹೋಗಿದ್ದು. ಗಾಜಿನ ಡ್ರಾಪರ್ ಬಳಸುವಾಗಲೂ ದ್ರವ ಮೇಲಿನ ರಬ್ಬರ್ ಬುರುಡೆಗೆ ತಾಗದ ಹಾಗೆ ನೋಡಿಕೊಳ್ಳಿ.

ಹರಿವಾಣದಲ್ಲಿ ಹೊಸ ನೀರು, ಪಟ್ಟಿಯಿಂದ ಗುಡಿಸಿದ ಮೇಲ್ಮೈ. ಬೇಬಿ ಪೌಡರನ್ನು ತೆಳು ಬಟ್ಟೆಯೊಳಗೆ ಕಟ್ಟಿ, ಒಂದಡಿ ಮೇಲಿಂದ ತಟ್ಟಿ, ನೀರಿನ ಮೇಲೆ ಮಂಜಿನಷ್ಟು ಉದುರಿಸಿ. ಜಾಸ್ತಿ ಬಿದ್ದರೆ ಪೌಡರೇ ಗಟ್ಟಿ ಹಾಸಾಗಿ ಎಣ್ಣೆಯನ್ನು ತಡೆಯುತ್ತದೆ. ಅರಿಶಿನ ಚೆನ್ನಾಗಿ ಕಾಣಿಸುತ್ತದೆ ಅಂತ ಆಸೆ ಬರುತ್ತದೆ, ಬೇಡ, ಅದರಲ್ಲೇ ಎಣ್ಣೆ ಅಂಶ ಇದೆ. ಮೆಣಸಿನ ಪುಡಿಯದ್ದೂ ಅದೇ ಕತೆ.

ಮೊದಲು ಬರೀ ಆಲ್ಕೋಹಾಲಿನ ಒಂದು ಹನಿಯನ್ನು ನಡುವೆ ಬಿಡಿ, ಮೇಲ್ಮೈಗೆ ಒಂದು ಸೆಂಟಿಮೀಟರ್ ಹತ್ತಿರದಿಂದ. ಪೌಡರ್ ಸರಕ್ಕನೆ ಸರಿದು ವೃತ್ತ ತೆರೆಯುತ್ತದೆ. ಕೆಲವು ಸೆಕೆಂಡಿನಲ್ಲಿ ಆಲ್ಕೋಹಾಲ್ ಅರ್ಧ ಆವಿಯಾಗಿ, ಅರ್ಧ ನೀರಿನಲ್ಲಿ ಬೆರೆತು, ಪೌಡರ್ ವಾಪಸ್ ಬಂದು ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡರೆ ನಿಮ್ಮ ನೀರು, ಡ್ರಾಪರ್, ಆಲ್ಕೋಹಾಲ್ ಮೂರೂ ಶುದ್ಧ. ಈಗ ಮಿಶ್ರಣದ ಒಂದೇ ಒಂದು ಹನಿ. ಈ ಸಲ ವೃತ್ತ ತೆರೆದು, ಸ್ವಲ್ಪ ಕುಗ್ಗಿ, ಹಾಗೇ ನಿಲ್ಲುತ್ತದೆ. ಅಂಚಿನಲ್ಲಿ ಪೌಡರ್ ಒತ್ತಿಕೊಂಡು ಬಿಳಿ ಗೆರೆಯಾಗಿರುತ್ತದೆ. ಒಳಗೆ ಏನೂ ಇಲ್ಲದ ಹಾಗೆ ಕಾಣುವ ಕಪ್ಪು ನೀರು. ಆ ಏನೂ ಇಲ್ಲದಿರುವುದನ್ನೇ ನಾವು ಅಳೆಯುವುದು. ಸ್ಕೇಲನ್ನು ನೀರಿಗೆ ತಾಗಿಸದೆ ಮೇಲೆ ಹಿಡಿದು, ನಾಲ್ಕು ದಿಕ್ಕಿನಲ್ಲಿ ಅಗಲ ನೋಡಿ ಸರಾಸರಿ ತೆಗೆಯಿರಿ.

ಲೆಕ್ಕ ಹೀಗೆ. 100 ಹನಿ 1.3 ಗ್ರಾಂ ಇದ್ದರೆ ಒಂದು ಹನಿ 0.0166 ಮಿಲಿಲೀಟರ್. ಅದರ ಶೇಕಡ 0.5 ಅಂದರೆ 0.000083 ಮಿಲಿಲೀಟರ್ ಓಲಿಕ್ ಆಮ್ಲ. ವೃತ್ತದ ಅಗಲ 23 ಸೆಂ.ಮೀ. ಬಂದರೆ ವಿಸ್ತೀರ್ಣ 415 ಚದರ ಸೆಂ.ಮೀ. ಭಾಗಿಸಿ. 0.0000002 ಸೆಂ.ಮೀ., ಅಂದರೆ 2 ನ್ಯಾನೋಮೀಟರ್. ಓಲಿಕ್ ಆಮ್ಲದ ಅಣು 18 ಇಂಗಾಲಗಳ ಸರಪಳಿ, ನೆಟ್ಟಗೆ ನಿಲ್ಲಿಸಿದರೆ ಅದರ ಉದ್ದ ಸುಮಾರು ಅಷ್ಟೇ. ಒಂದು ತುದಿಗೆ ನೀರು ಇಷ್ಟ, ಅದನ್ನು ಕೆಳಗೆ ಅದ್ದಿಕೊಂಡು, ನೀರೊಲ್ಲದ ಬಾಲವನ್ನು ಮೇಲೆತ್ತಿ, ಗದ್ದೆಯಲ್ಲಿ ನಾಟಿ ಮಾಡಿದ ಪೈರಿನ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ನಿಮಗೆ 1.5ರಿಂದ 2.5ರ ಒಳಗೆ ಏನೇ ಬಂದರೂ ಬೆನ್ನು ತಟ್ಟಿಕೊಳ್ಳಿ. 5 ಬಂದರೆ ಪೌಡರ್ ಜಾಸ್ತಿಯಾಗಿದೆ ಇಲ್ಲವೇ ನೀರು ಮೊದಲೇ ಕೊಳೆಯಾಗಿದೆ.

ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್‌ನ ಕೆರೆಗೆ ಒಂದು ಟೀ ಚಮಚ ಎಣ್ಣೆ ಸುರಿದು, ಅರ್ಧ ಎಕರೆಯಷ್ಟು ಅಲೆ ಅಡಗಿದ್ದನ್ನು ನೋಡಿ ಬರೆದಿದ್ದರು, 1774ರಲ್ಲಿ ಅಚ್ಚಾಯಿತು. ಅರ್ಧ ಎಕರೆ ಅಂದರೆ ನಮ್ಮ 20 ಗುಂಟೆ. ಒಂದು ಚಮಚವನ್ನು 20 ಗುಂಟೆಗೆ ಹರಡಿದರೆ ದಪ್ಪ ಎರಡು ನ್ಯಾನೋಮೀಟರಿನ ಆಸುಪಾಸೇ. ಭಾಗಾಕಾರ ಒಂದನ್ನು ಮಾಡಿದ್ದರೆ ಅಣುವಿನ ಅಳತೆ ಆಗಲೇ ಸಿಕ್ಕಿಬಿಡುತ್ತಿತ್ತು. ನೀವು ನಮ್ಮ ಊರ ಕೆರೆಗಳಲ್ಲಿ ಇದನ್ನು ಮಾಡಲು ಹೋಗಬೇಡಿ. ಬೆಳ್ಳಂದೂರು ಕೆರೆ ನೊರೆ ಕಕ್ಕಿದ್ದೇ ಚರಂಡಿಯಿಂದ ಬಂದ ಸೋಪಿನಂಥ ಪದಾರ್ಥಗಳಿಂದ. ಅಲ್ಲಿ ಕರ್ಪೂರ ಎಲ್ಲಿಂದ ಕುಣಿಯಬೇಕು!

ನಾಲ್ಕನೇ ಹೆಜ್ಜೆ: ಹನಿಯನ್ನು ಚಿಕ್ಕದು ಮಾಡುತ್ತಾ ಹೋಗುವುದು

ಮಂಗಳೂರು ಸ್ಟೋರ್‌ಗಳಲ್ಲಿ ಪತ್ರೊಡೆಗೆ ಅಂತ ಕೆಸುವಿನ ಎಲೆ ಮಾರುತ್ತಾರೆ. ಒಂದು ತಂದು, ಒರೆಸದೆ, ಅದರ ಮೇಲೆ ಬೇರೆಬೇರೆ ಗಾತ್ರದ ಹನಿ ಬಿಡಿ. ಚಿಕ್ಕವು ಗೋಲಿಯಂತೆ ಉರುಟಾಗಿ ಬೆಳ್ಳಿಯ ಹಾಗೆ ಹೊಳೆಯುತ್ತವೆ. ದೊಡ್ಡವು ಇಡ್ಲಿಯಂತೆ ಚಪ್ಪಟೆ. ಎಲ್ಲಿ ಗುರುತ್ವ ಸೋತು ಎಳೆತ ಗೆಲ್ಲುತ್ತದೋ ಆ ಗಡಿ ನೀರಿಗೆ ಸುಮಾರು 2.7 ಮಿ.ಮೀ. ಅದಕ್ಕಿಂತ ಕೆಳಗೆ ಹೋದರೆ ತೂಕಕ್ಕೆ ಬೆಲೆಯೇ ಇಲ್ಲ, ಎಳೆತದ್ದೇ ದರ್ಬಾರು.

ಎಳೆತ ಹನಿಯನ್ನು ಹಿಂಡುತ್ತದೆ, ಒಳಗೆ ಒತ್ತಡ ಏರುತ್ತದೆ. ಎಷ್ಟು ಅಂದರೆ ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿ. ಒಂದು ಮಿಲಿಮೀಟರ್ ತ್ರಿಜ್ಯದ ಹನಿಯಲ್ಲಿ 144 ಪಾಸ್ಕಲ್, ಒಂದೂವರೆ ಸೆಂಟಿಮೀಟರ್ ನೀರಿನ ಒತ್ತಡ, ಲೆಕ್ಕಕ್ಕಿಲ್ಲ. ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು, ತ್ರಿಜ್ಯದ ಹನಿಯಲ್ಲಿ 1.44 ಲಕ್ಷ ಪಾಸ್ಕಲ್, ಬೆಂಗಳೂರಿನ ಗಾಳಿಯ ಒತ್ತಡದ ಒಂದೂವರೆ ಪಟ್ಟು. ಹತ್ತು ನ್ಯಾನೋಮೀಟರಿಗೆ ಇಳಿದರೆ ಸಮುದ್ರದಲ್ಲಿ ಒಂದೂವರೆ ಕಿಲೋಮೀಟರ್ ಆಳದಲ್ಲಿ ಇರುವಷ್ಟು.

ಹೀಗೆ ಹಿಂಡಿಸಿಕೊಂಡ ನೀರು ಬೇಗ ಆವಿಯಾಗಲು ನೋಡುತ್ತದೆ. ಇದು 1871ರಲ್ಲಿ ಕೆಲ್ವಿನ್ ತೋರಿಸಿದ ವಿಷಯ. 100 ನ್ಯಾನೋಮೀಟರ್ ತ್ರಿಜ್ಯದ ಹನಿಯ ಆವಿ ಒತ್ತಡ ಚಪ್ಪಟೆ ನೀರಿಗಿಂತ ಶೇಕಡ 1ರಷ್ಟು ಜಾಸ್ತಿ, 10 ನ್ಯಾನೋಮೀಟರಿಗೆ ಶೇಕಡ 11, ಒಂದು ನ್ಯಾನೋಮೀಟರಿಗೆ ಹತ್ತಿರಹತ್ತಿರ ಮೂರು ಪಟ್ಟು. ಅಂದರೆ ಗಾಳಿಯಲ್ಲಿ ಕೆಲವು ಅಣುಗಳು ಸೇರಿ ಮರಿ ಹನಿ ಆಗಲು ಹೊರಟರೆ, ಆಗುವಷ್ಟರಲ್ಲೇ ಆವಿಯಾಗಿ ಹೋಗುತ್ತದೆ. ಮೋಡ ಶುರುವಾಗಲು ಆ ಮರಿ ಹನಿಗಿಂತ ದೊಡ್ಡದಾದ ಒಂದು ಧೂಳಿನ ಇಲ್ಲವೇ ಹೊಗೆಯ ಕಣದ ಆಸರೆ ಬೇಕು.

ನೋಡಬೇಕಾ? ಎರಡು ಲೀಟರ್ ತಂಪು ಪಾನೀಯದ ಬಾಟಲಿಗೆ ಎರಡು ಚಮಚ ಬೆಚ್ಚನೆ ನೀರು ಹಾಕಿ ಕುಲುಕಿ. ಮುಚ್ಚಳ ಬಿಗಿದು, ಎರಡು ಕೈಯಿಂದ ಜೋರಾಗಿ ಹಿಂಡಿ, ಥಟ್ಟನೆ ಬಿಡಿ. ಏನೂ ಆಗುವುದಿಲ್ಲ, ಆದರೂ ಸ್ವಲ್ಪ ಮಸುಕು ಅಷ್ಟೇ. ಈಗ ಉರಿಯುವ ಅಗರಬತ್ತಿಯ ಹೊಗೆಯನ್ನು ಒಂದು ಎಳೆ ಒಳಗೆ ಬಿಟ್ಟು, ಮತ್ತೆ ಹಿಂಡಿ ಬಿಡಿ. ಬಾಟಲಿ ತುಂಬ ಬಿಳಿ ಮೋಡ! ಹಿಂಡಿದರೆ ಮಾಯ, ಬಿಟ್ಟರೆ ಹಾಜರು. ಕಪ್ಪು ಬಟ್ಟೆ ಹಿಂದಿಟ್ಟು ಟಾರ್ಚ್ ಹಾಕಿದರೆ ಚೆನ್ನಾಗಿ ಕಾಣಿಸುತ್ತದೆ. ಆಲ್ಕೋಹಾಲ್ ಬಾಟಲಿ ಈ ಹೊತ್ತಿಗೆ ಬೇರೆ ರೂಮಿನಲ್ಲಿರಲಿ.

ಇಲ್ಲಿಂದ ಕೆಳಗೆ ಮನೆಯ ಸಾಮಾನು ಕೈಕೊಡುತ್ತದೆ. ಒಂದೆರಡು ನ್ಯಾನೋಮೀಟರಿನ ಹನಿಗೆ ತ್ರಿಜ್ಯ ಅಂದರೆ ಎಲ್ಲಿಯವರೆಗೆ ಅನ್ನುವುದೇ ಮಸುಕು. 72 ಅನ್ನುವ ಅಂಕಿಯೂ ಅಲ್ಲಿ ಹಾಗೇ ನಡೆಯುವುದಿಲ್ಲ, ಬಾಗಿಗೆ ತಕ್ಕಂತೆ ತಿದ್ದುಪಡಿ ಬೇಕು ಅಂತ 1949ರಲ್ಲಿ ಟೋಲ್ಮನ್ ಅನ್ನುವ ವಿಜ್ಞಾನಿ ತೋರಿಸಿದರು. ಅಷ್ಟೇ ಅಲ್ಲ, ನಿಮ್ಮ ಹರಿವಾಣದ ನಿಶ್ಚಲ ನೀರೂ ಚಪ್ಪಟೆಯಲ್ಲ. ಅಣುಗಳ ಬಿಸಿ ಕುಣಿತದಿಂದ ಮೇಲ್ಮೈ ಸದಾ ನಡುಗುತ್ತಿರುತ್ತದೆ. ಸ್ಮೊಲುಚೋವ್ಸ್ಕಿ ಅನ್ನುವ ಭೌತವಿಜ್ಞಾನಿ ಇದನ್ನು 1908ರಲ್ಲೇ ಹೇಳಿದ್ದರು. ಕಲ್ಕತ್ತೆಯಲ್ಲಿ ರಾಮನ್, ರಾಮದಾಸ್ ಇಬ್ಬರೂ 1925ರಲ್ಲಿ ದ್ರವದ ಮೇಲ್ಮೈ ಬೆಳಕನ್ನು ಚೆದುರಿಸುವುದನ್ನು ಅಳೆದರು. 1985ರಲ್ಲಿ ಎಕ್ಸ್‌ರೇಯಿಂದ ನೀರಿನ ಮೇಲ್ಮೈಯ ಒರಟುತನ ಸುಮಾರು 0.3 ನ್ಯಾನೋಮೀಟರ್ ಅಂತ ಸಿಕ್ಕಿತು. ಒಂದು ನೀರಿನ ಅಣುವಿನ ಗಾತ್ರದಷ್ಟು.

"ಹಾಗಾದ್ರೆ ಮಾಮಾ, ನಾವು ಅಳೆದ ಎರಡು ನ್ಯಾನೋಮೀಟರ್ ನಿಂತಿರೋದು ಅಲ್ಲಾಡೋ ನೆಲದ ಮೇಲಾ?" ಅಂದಳು. ಹೌದು. ಆ ಎರಡು ನ್ಯಾನೋಮೀಟರ್ ಕೂಡ ಸರಾಸರಿಯೇ.

ಉಳಿದ ಮಿಶ್ರಣಕ್ಕೆ ಚೀಟಿ ಅಂಟಿಸಿ ಮಕ್ಕಳ ಕೈಗೆ ಸಿಗದ ಕಡೆ ಇಡಿ, ಕರ್ಪೂರವನ್ನೂ ಅಷ್ಟೇ. ಹರಿವಾಣವನ್ನು ಅಡುಗೆಮನೆಗೆ ವಾಪಸ್ ಕೊಡುವ ಮೊದಲು ಪಾತ್ರೆ ಲಿಕ್ವಿಡ್ ಹಾಕಿ ಚೆನ್ನಾಗಿ ಉಜ್ಜಿ. ಈಗ ಹಾಕಬಹುದು.